ಚೀಲದ ತೂಕ ಬರೆಯದ ಲೆಕ್ಕಗಳು

ನನ್ನ ನಾದಿನಿ ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾಳೆ. ಹೋದ ವರ್ಷ ಬ್ಯಾಡಗಿಯ ನಮ್ಮ ಮನೆಗೆ ಬಂದವಳು ನನಗೊಂದು ಕೆಲಸ ತಂದಳು. ಕನ್ನಡ ತಿಳಿಯುವ ಒಂದು ಚಿಕ್ಕ ಎಐ ಭಾಷಾ ಮಾದರಿಗೆ, ಕಥೆಯಂತೆ ಮಾತಿನಲ್ಲಿ ಕೊಟ್ಟ ಲೆಕ್ಕಗಳನ್ನು ಬಿಡಿಸಲು ಅವಳು ಕಲಿಸುತ್ತಿದ್ದಳು. ಇಂಟರ್‌ನೆಟ್ ಇಲ್ಲದೆ ಸಾದಾ ಫೋನಿನಲ್ಲೇ ನಡೆಯುವಂಥದ್ದು, ಹಳ್ಳಿ ಶಾಲೆಯ ಮಕ್ಕಳಿಗಾಗಿ. ಅದಕ್ಕೆ ಓದಿಸಲು ನಮ್ಮ ಕಡೆಯ ಲೆಕ್ಕಗಳು ಬೇಕಿದ್ದವು, ಬಿಡಿಸಿದ ಹೆಜ್ಜೆಗಳ ಸಮೇತ.

"ವೈನಿ, ನೀವ ಬರೀರಿ. ನಿಮ್ಮ ಅಕ್ಷರಾನೂ ಚಂದ, ಲೆಕ್ಕಾನೂ ಚಂದ" ಎಂದಳು.

ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅಡುಗೆ, ಹಬ್ಬ, ಔಷಧಿ ಬಿಟ್ಟು ಬೇರೆ ಏನನ್ನಾದರೂ ಯಾರಾದರೂ ನನ್ನಿಂದ ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿತು. ಒಗ್ಗರಣೆಯ ಘಾಟು ಎಂದೆ.

ಎರಡು ತಿಂಗಳು ಬರೆದೆ. ಎಡಪುಟದಲ್ಲಿ ಲೆಕ್ಕ, ಬಲಪುಟದಲ್ಲಿ ಹೆಜ್ಜೆಗಳು, ಅಂಚಿಗೆ ಕೆಂಪು ಗೆರೆ. ನಮ್ಮದು ಮೆಣಸಿನಕಾಯಿ ವ್ಯಾಪಾರದ ಮನೆ. ಸಹಜವಾಗಿಯೇ ಬಹುಪಾಲು ಲೆಕ್ಕಗಳಲ್ಲಿ ಚೀಲ, ತಕ್ಕಡಿ, ತೊಟ್ಟು ಮುರಿಯುವ ಹೆಂಗಸರು.

ಒಂದು ಭಾನುವಾರ ಬೆಳಿಗ್ಗೆ ನಾದಿನಿ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟಳು. ಮಾದರಿ ನನ್ನ ನೋಟ್‌ಬುಕ್ ಓದಿ ಮುಗಿಸಿತ್ತು. ಪರೀಕ್ಷೆಗೆಂದು ಅವಳೇ ಹೊಸ ಲೆಕ್ಕ ಕೊಟ್ಟಳು. ಒಂದು ಡಬ್ಬಿಯಲ್ಲಿ ಹನ್ನೆರಡು ಶೇಂಗಾ ಉಂಡಿ, ಎರಡು ತಿಂದರೆ ಎಷ್ಟು ಉಳಿಯುತ್ತವೆ? ಒಂಬತ್ತು ಎಂದಿತು. ಹಾವೇರಿಯಿಂದ ಗುತ್ತಲಕ್ಕೆ ಹೊರಟ ಬಸ್ಸಿನಲ್ಲಿ ನಲವತ್ತು ಜನ, ದಾರಿಯಲ್ಲಿ ಹತ್ತು ಜನ ಇಳಿದರು. ಇಪ್ಪತ್ತೊಂಬತ್ತು ಎಂದಿತು.

"ಕಂಡಕ್ಟರನ್ನೂ ಇಳಿಸೇತಿ ನೋಡು!" ಎಂದು ನನ್ನ ಯಜಮಾನರು ನಕ್ಕರು.

ನಾದಿನಿ ನಗಲಿಲ್ಲ. ನೋಟ್‌ಬುಕ್ ತಿರುವಿ ಒಂದು ಪುಟದ ಮೇಲೆ ಬೆರಳಿಟ್ಟಳು. "ವೈನಿ, ಇಲ್ಲಿ ಐವತ್ತು ಕಿಲೋದ ಚೀಲ ಅಂದೀರಿ. ಬಲಪುಟದಾಗ ನಲವತ್ತೊಂಬತ್ತು ಹಿಡದೀರಿ. ಯಾಕ್ರಿ?"

"ಚೀಲದ ತೂಕ ಒಂದು ಕಿಲೋ ಬಿಡಬೇಕಲ್ಲವಾ!"

"ಅದನ್ನ ಎಲ್ಲಿ ಬರದೀರಿ?"

ಒಳಗಿನಿಂದ ಅತ್ತೆಯವರು ಕೂಗಿದರು: "ಅದನ್ನೇನ ಬರೀತಾರ? ಬ್ಯಾಡಗ್ಯಾಗ ಹುಟ್ಟಿದ ಕೂಸಿಗೂ ಗೊತ್ತೈತಿ!"

"ಇದು ಬ್ಯಾಡಗ್ಯಾಗ ಹುಟ್ಟಿಲ್ಲ, ಅವ್ವಾ" ಎಂದಳು ನಾದಿನಿ. "ದೊಡ್ಡ ಮಾಡೆಲ್ ಆಗಿದ್ರ ಅಷ್ಟಿಷ್ಟು ತಾನ ಊಹಾ ಮಾಡತಿತ್ತು. ಇದು ಸಣ್ಣದು. ನಾವು ಮಾಡಿದ್ದನ್ನಷ್ಟ ನೋಡಿ ಮಾಡತದ."

ಪುಟ ಪುಟದಲ್ಲೂ ಹೇಳದೆ ಕೇಳದೆ ಒಂದು ಕಳೆದಿದ್ದೆ. ಪಾಪ, ಅದು ಎಲ್ಲದರಲ್ಲೂ ಒಂದು ಕಳೆಯುವುದೇ ಲೆಕ್ಕದ ರೀತಿ ಎಂದು ತಿಳಿದಿತ್ತು. ಮುಂದಿನ ಶನಿವಾರ ನಾದಿನಿ ಅದನ್ನು ಕಾಲೇಜಿನ ವಿಭಾಗದವರ ಮುಂದೆ ತೋರಿಸಬೇಕಿತ್ತು. ಸರಿಹೋಗದಿದ್ದರೆ ನನ್ನ ಲೆಕ್ಕಗಳನ್ನು ಬಿಟ್ಟು, ಬೇರೆ ಭಾಷೆಯಿಂದ ಅನುವಾದವಾಗಿ ಬಂದ ಸಿದ್ಧ ಲೆಕ್ಕಗಳನ್ನು ಹಾಕುವುದೆಂದು ಅಲ್ಲಿ ಮಾತಾಗಿತ್ತಂತೆ. ಎರಡು ತಿಂಗಳ ಬರಹ ರದ್ದಿಗೆ ಹೋಗುವುದರಲ್ಲಿತ್ತು.

ಹಾವೇರಿಯ ಕಾನ್ವೆಂಟಿನಲ್ಲಿ ನಮಗೆ ಗಣಿತ ಕಲಿಸಿದ ಸಿಸ್ಟರ್ ಉತ್ತರ ಸರಿಯಿದ್ದರೂ ನಡುವಿನ ಹೆಜ್ಜೆ ಇಲ್ಲದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದರು. ಆಗ ಅವರ ಮೇಲೆ ಎಷ್ಟು ಸಿಟ್ಟಾಗಿದ್ದೆ! ಆ ಭಾನುವಾರ ಅವರಿಗೆ ಮನಸ್ಸಿನಲ್ಲೇ ಕೈಮುಗಿದು ಹೊಸ ನೋಟ್‌ಬುಕ್ ತೆರೆದೆ.

ಆದರೆ ಬಿಟ್ಟದ್ದು ಬಿಟ್ಟವಳ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಅತ್ತೆಯವರನ್ನು ಕೇಳಿಕೊಂಡೆ: ನಾನು ಓದುತ್ತೇನೆ, ನೀವು ಏನೂ ತಿಳಿಯದವರ ಹಾಗೆ ಕೇಳಿರಿ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ಅವರಿಗೆ ಇದು ಎಲ್ಲಿಲ್ಲದ ಹುರುಪು ತಂದಿತು. ದಿನವೂ ಮಧ್ಯಾಹ್ನ ಪಡಸಾಲೆಯಲ್ಲಿ ಮನೆಖರ್ಚಿನ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತು ಕೇಳುವರು.

"ತಡಿಯವಾ. ತೊಟ್ಟು ತಗದ ಮ್ಯಾಲ ಯಾಕ ಹಗರಾತು?"

"ತೊಟ್ಟಿಗೂ ತೂಕ ಇರತೈತಲ್ರೀ ಅತ್ತಿ."

"ನನಗೇನ ಗೊತ್ತು? ನಾ ಈಗ ಏನೂ ತಿಳೀದಾಕಿ. ಬರಿ ಅದನ್ನ!"

ಕೆಲವೊಮ್ಮೆ ಬಾಯಿ ತೆರೆಯುತ್ತಲೂ ಇರಲಿಲ್ಲ. ಮುರಿಯುವ ಕೈ ಗಕ್ಕನೆ ನಿಂತರೆ ಸಾಕು, ಅಲ್ಲೊಂದು ಹೆಜ್ಜೆ ತಪ್ಪಿದೆ ಎಂದೇ ಅರ್ಥ. ನಾನು ಆ ಕೈಯನ್ನೇ ನೋಡುತ್ತ ಓದತೊಡಗಿದೆ. ಚೀಲದ ಸಮೇತ ತೂಕ ಇಷ್ಟು, ಖಾಲಿ ಚೀಲದ ತೂಕ ಇಷ್ಟು, ಅದರಲ್ಲಿ ಇದನ್ನು ಕಳೆದರೆ ಬರೀ ಕಾಯಿಯ ತೂಕ. ಏನನ್ನೂ ಕಳೆಯಬಾರದ ಲೆಕ್ಕಗಳನ್ನೂ ಬೇಕೆಂದೇ ನಡುನಡುವೆ ಸೇರಿಸಿದೆವು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾವಿಬ್ಬರೂ ಅಷ್ಟು ಮಾತಾಡಿರಲಿಲ್ಲ.

ಗುರುವಾರ ನಾದಿನಿ ಬಂದು, ಮಾದರಿಗೆ ಮತ್ತೆ ಓದಿಸಲು ಎಲ್ಲ ಪುಟಗಳ ಫೋಟೊ ತೆಗೆದುಕೊಂಡು ಹೋದಳು. ಶನಿವಾರ ಮಧ್ಯಾಹ್ನ ಮೂರರ ಸುಮಾರಿಗೆ ಫೋನ್ ಬಂತು.

"ವೈನಿ, ಹತ್ತರಾಗ ಎಂಟು ಖರೇ ಹೇಳ್ತು. ವಯಸ್ಸಿನ ಲೆಕ್ಕ ಎರಡೂ ತಪ್ಪಿದ್ವು. ಆದ್ರ ನಿಮ್ಮ ನೋಟ್‌ಬುಕ್ಕ ಇಟ್ಕೊಂಡಾರ್ರಿ! ವಯಸ್ಸಿಂದು ಇನ್ನೊಂದು ಬರದು ಕೊಡ್ತೀರೇನು ಕೇಳ್ಯಾರ."

ಹೂಂ ಎಂದೆ. ಫೋನಿಟ್ಟು ಅತ್ತೆಯವರಿಗೆ ಹೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡರು.

"ಹಂಗಾರ ನಾಳಿ ಅಡಗಿ ಲಗೂ ಮುಗಸು" ಎಂದರು. "ನನ್ನ ವಯಸ್ಸಷ್ಟು ಕೇಳಬ್ಯಾಡ. ಅದು ನನಗ ಖರೇನ ಗೊತ್ತಿಲ್ಲ."