ಎತ್ತಿ ಹಿಡಿದ ಎಡಗಾಲು

“ಎಡಗಾಲು ಮ್ಯಾಲ ಎತ್ತವ್ವ. ನಾ ಹೇಳೋ ತನಕ ಇಳಸಬ್ಯಾಡ,” ಎಂದರು ಹೊಸಪೇಟೆಯ ಹಲ್ಲಿನ ಡಾಕ್ಟರಮ್ಮ. ಹುಳುಕು ಹಲ್ಲು ಕೀಳಿಸಲು ಕುರ್ಚಿಯಲ್ಲಿ ಒರಗಿದ್ದ ನನ್ನ ಆರು ವರ್ಷದ ಮಗಳು ಕಾಲೆತ್ತಿ ಅದನ್ನೇ ನೋಡತೊಡಗಿದಳು. ಒಸಡಿಗೆ ಮೊದಲೇ ಜೋಮು ಹಿಡಿಸುವ ಮುಲಾಮು ಹಚ್ಚಿದ್ದರು. ಈಗ ಕೆನ್ನೆ ಅಲುಗಾಡಿಸುತ್ತಾ ನಿಧಾನವಾಗಿ ಸೂಜಿ ಚುಚ್ಚಿದರು. ಅವಳು ಅಳಲಿಲ್ಲ.

“ಸೂಜಿ ಆಗಿಹೋತು, ಕಾಲು ಇಳಸವ್ವ,” ಎಂದವರು ನನ್ನತ್ತ ತಿರುಗಿ, “ಅಕ್ಕಾರ, ನೀವೂ ಇಳಸ್ರಿ,” ಎಂದರು. ಮೂಲೆಯ ಸ್ಟೂಲಿನ ಮೇಲೆ ನಾನೂ ಎಡಗಾಲು ಎತ್ತಿ ಕೂತಿದ್ದೆ.

ಊಟ ಬಿಟ್ಟರೆ ಸೂಜಿ ಹಾಕಿಸುತ್ತೇನೆಂದು ಹೆದರಿಸಿಯೇ ಅವಳನ್ನು ಬೆಳೆಸಿದವಳು ನಾನು. ಹಲ್ಲು ಕೀಳಿಸಿ ಬಂದ ಮೇಲೆ, ಮೊನ್ನೆ ಪಾಪಿನಾಯಕನಹಳ್ಳಿಯ ನಮ್ಮ ಮನೆಯಲ್ಲಿ ಅವಳು ಅನ್ನದ ತಟ್ಟೆ ದೂಡಿದಾಗಲೂ ಅದನ್ನೇ ಅಂದೆ. ಅವಳು ತಟ್ಟೆ ಮುಟ್ಟಲಿಲ್ಲ. ಸುಮ್ಮನೆ ಎಡಗಾಲು ಎತ್ತಿ ಹಿಡಿದಳು.