ಸುರೇಖಾಳ ಟ್ಯೂನು ನಿಲ್ಲುವ ಜಾಗ

ಮೊನ್ನೆ ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನಲ್ಲಿ ಕೊಲ್ಹಾಪುರದ ಗಾಡಿಗೆ ಕಾಯುತ್ತ ಚಹಾ ಕುಡಿಯುತ್ತಿದ್ದೆ. ಹೊರಗೆ ಮದುವೆಯ ಮೆರವಣಿಗೆ ಹೊರಟಿತ್ತು. ಬ್ಯಾಂಜೋ ಪಾರ್ಟಿ ಎಂದು ನಾವು ಕರೆಯುವ ಆ ವಾದ್ಯದವರ ಕೀಬೋರ್ಡಿನಿಂದ ಸುರೇಖಾಳ ಟ್ಯೂನು ಕೇಳಿಸಿತು. ಬಾಯಲ್ಲಿದ್ದ ಚಹಾ ಕಹಿಯಾಯಿತು ನೋಡಿ.

ಸುರೇಖಾ ನನ್ನ ಚಿಕ್ಕಮ್ಮನ ಮಗಳು. ಇಚಲಕರಂಜಿಯಲ್ಲಿ ಅವರ ಮನೆಯೆಂದರೆ ಮುಂದೆ ಎರಡು ಪವರ್‌ಲೂಮ್ ಮಗ್ಗ, ಹಿಂದೆ ಒಲೆ. ಆ ಸದ್ದಿನಲ್ಲಿ ಬೆಳೆದ ನಾವು ಗುಟ್ಟನ್ನೂ ಕೂಗಿಯೇ ಹೇಳುವವರು. ವಾರಕ್ಕೊಮ್ಮೆ ಕರೆಂಟಿಗೆ ರಜೆ. ಅಂದು ಅವಳ ಬ್ಯಾಟರಿ ಕೀಬೋರ್ಡಿನ ಸರದಿ. ಮೊಬೈಲಿನಲ್ಲಿ ಕೇಳಿ ಕೇಳಿ ಅರ್ಜೆಂಟೀನಾದ ಟ್ಯಾಂಗೋ ಕಲಿತಳು. ಅದಕ್ಕೆ ಕುಂಬಿಯಾ ಎಂಬ ಅತ್ತಲಿನದೇ ಇನ್ನೊಂದು ಕುಣಿತದ ತಾಳ ಬೆರೆಸಿದಳು.

“ಇದೇನ ಖಿಚಡಿ ಮಾಡಿದ್ಯವಾ?” ಎಂದರೆ, “ಟ್ಯಾಂಗೋ ಸಿಟ್ಟ ಮಾಡ್ಕೊಂಡು ನಡುವ ನಿಂತಬಿಡತೈತಿ. ಕುಂಬಿಯಾ ಬಂದು ರಮಿಸಿ ಕರಕೊಂಡು ಹೋಗತೈತಿ, ಅಷ್ಟ” ಎನ್ನುವಳು. ಭಜನೆಯ ತಾಳವೇ ತಪ್ಪುವ ನಾನು ಪಂಡಿತನಂತೆ ತಲೆಯಾಡಿಸುತ್ತಿದ್ದೆ.

ಆ ನಿಲ್ಲುವುದೇ ಮುಳುವಾಯಿತು. ಬ್ಯಾಂಜೋ ಪಾರ್ಟಿ ಸೇರಿದ ಮೇಲೆ ಅವಳ ಮೊದಲ ಮೆರವಣಿಗೆ ನಮ್ಮ ಓಣಿಯದೇ. ಸಂಜೆ ಜನ ಮೈಮರೆತು ಕುಣಿಯುತ್ತಿದ್ದಾಗ ತನ್ನ ಟ್ಯೂನಿನ ನಡುವೆ ಅವಳು ಕೈಯೆತ್ತಿದಳು, ವಾದ್ಯಗಳೆಲ್ಲ ಸುಮ್ಮನಾದವು. ಮಗ್ಗದವರಿಗೆ ಸದ್ದು ನಿಂತಿತೆಂದರೆ ಎದೆ ಧಸಕ್ಕೆನ್ನುತ್ತದೆ. “ಲೈಟ್ ಗೇಲೀ ಕಾ?” ಎಂದು ಮರಾಠಿಯಲ್ಲಿ ಒಬ್ಬ, “ಕರೆಂಟ್ ಹೋತ್ರಿ!” ಎಂದು ಕನ್ನಡದಲ್ಲಿ ಉಳಿದವರು. ಯಾರೋ ಅಭ್ಯಾಸಬಲದಿಂದ ಓಡಿಹೋಗಿ, ವಾದ್ಯದ ಗಾಡಿಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಜನರೇಟರಿನ ಸ್ವಿಚ್ಚನ್ನೇ ತೆಗೆದ. ಆಗ ನಿಜವಾಗಿಯೂ ಕತ್ತಲಾಯಿತು.

“ಹೆಣ್ಣಮಕ್ಕಳ್ನ ಗಾಡಿ ಮ್ಯಾಲ ಕುಂದರಸಿದ್ದ ನನ್ನ ತಪ್ಪರಿ!” ಎಂದು ಪಾರ್ಟಿಯ ಮಾಲಕ ಎಲ್ಲರೆದುರು ಅವಳನ್ನು ಕೆಳಗಿಳಿಸಿದ. ಮತ್ತೆ ಯಾರೂ ಕರೆಯಲಿಲ್ಲ. ಟ್ಯೂನನ್ನು ಮಾತ್ರ ಇಟ್ಟುಕೊಂಡ, ಬಾಡಕೋ! ಈಗ ಊರೂರಿಗೂ ಅದೇ.

ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೇಳಿದೆ. ಸುಮ್ಮನಾಗಬೇಕಿದ್ದ ಜಾಗಕ್ಕೆ ಢೋಲು ತುಂಬಿದ್ದರು. ಸಿಟ್ಟು ನೆತ್ತಿಗೇರಿ ಸುರೇಖಾಳಿಗೆ ಫೋನ್ ಹಚ್ಚಿದೆ. ಅತ್ತ ಮಗ್ಗಗಳ ಸದ್ದು.

“ನಿನ್ನ ಟ್ಯೂನ ಬಾರಸಾಕತ್ತಾರ!” ಎಂದು ಕೂಗಿದೆ.

“ನಡುವ ನಿಂತ್ರೇನ?”

“ಎಲ್ಲೀದು, ಢೋಲ ಬಡದ್ರು.”

“ಹಂಗಾರ ಅದು ನಂದಲ್ಲ ಬಿಡು.”

ಅತ್ತ ಮಗ್ಗಗಳು ಒಮ್ಮೆಲೇ ನಿಂತವು. ನನ್ನ ಎದೆಯೂ ಧಸಕ್ಕೆಂದಿತು. “ಕರೆಂಟ್ ಹೋತೇನ?” ಎಂದೆ.

“ಇಲ್ಲ. ನಾನ ಬಂದ್ ಮಾಡೇನಿ. ನಂದು ನಿಲ್ಲೂದು ಹಿಂಗ. ಸುಮ್ಮ ಕೇಳು.”

ಕೇಳಿದೆ. ಕೊಲ್ಹಾಪುರದ ಬಸ್ಸು ಬಂತು, ಹೋಯಿತು. ನಾನು ಕಿವಿಗೆ ಫೋನೊತ್ತಿ ನಿಂತೇ ಇದ್ದೆ. ರಮಿಸಿ ಕರೆದೊಯ್ಯಲು ಕುಂಬಿಯಾ ಬರಲಿಲ್ಲ. ಮಗ್ಗಗಳೇ ಮತ್ತೆ ಶುರುವಾದವು.