ಟೆಲಿಚಿತ್ರದ ಅಮ್ಮ, ನಮ್ಮ ಮನೆಯ ಚಿಕ್ಕವ್ವ

ಟೆಲಿಚಿತ್ರಗಳಲ್ಲಿ ತೀರಿಕೊಂಡ ಹೆಂಡತಿಯ ಫೋಟೊ ಯಾವಾಗಲೂ ಮಹಡಿಯ ಮೆಟ್ಟಿಲ ಪಕ್ಕದಲ್ಲೇ ಇರುತ್ತದೆ, ಗಮನಿಸಿದ್ದೀರಾ? ಗಂಧದ ಹಾರ, ಕೆಂಪು ಮಿಣುಕು ದೀಪ, ಎದುರಿಗೆ ಜೇಬಿನಲ್ಲಿ ಕೈಯಿಟ್ಟು ನಿಂತ ಗಂಡ. ನಂಜನಗೂಡಿನ ನಮ್ಮ ಮನೆಗೆ ಮಹಡಿಯೇ ಇರಲಿಲ್ಲವಾದ್ದರಿಂದ ಅವ್ವನ ಫೋಟೊ ಗಡಿಯಾರದ ಕೆಳಗಿತ್ತು. ಸೈಕಲ್ ಶಾಪಿನಿಂದ ಗ್ರೀಸು ಮೆತ್ತಿದ ಕೈಯಲ್ಲಿ ಬರುತ್ತಿದ್ದ ಅಪ್ಪ ಅದರೆದುರು ನಿಲ್ಲುತ್ತಿದ್ದುದು ಟೈಮು ನೋಡಲು ಎಂದೇ ನಾನು ಅಂದುಕೊಂಡಿದ್ದೆ.

ತೊಂಬತ್ತರ ದಶಕದ ಕೊನೆಗೆ ನಮ್ಮ ಬೀದಿಗೆ ಕೇಬಲ್ ಬಂತು. ಭಾನುವಾರ ಮಧ್ಯಾಹ್ನ ಅಪ್ಪ, ನಾನು ಕಡಲೆಕಾಯಿ ಬಿಡಿಸುತ್ತ ಆ ಪ್ರೇಮಕಥೆಗಳನ್ನು ನೋಡುತ್ತಿದ್ದೆವು. ಅವುಗಳ ಮೇಲೆ ನನಗೆ ಈಗಲೂ ಅಕ್ಕರೆಯೇ. ಗಂಡ ಸತ್ತವಳು ತಿಳಿಬಣ್ಣದ ಸೀರೆ ಉಟ್ಟು ಕಿಟಕಿಯಾಚೆ ನೋಡುತ್ತಿರುತ್ತಾಳೆ. ಮಡದಿ ಸತ್ತವನಿಗೆ ಮಗಳ ಜಡೆ ಹೆಣೆಯಲು ಬಾರದು, ಸಾರಿಗೆ ಉಪ್ಪು ಹಾಕಲು ಬಾರದು. ಆ ಮಗಳು ಮಾತ್ರ ಹುಟ್ಟಾ ಮದುವೆ ದಲ್ಲಾಳಿ. ಸರಿಯಾದ ಹೊತ್ತಿಗೆ ಅವಳಿಗೆ ಜ್ವರ ಬರುತ್ತದೆ, ಹಣೆಗೆ ಒದ್ದೆ ಬಟ್ಟೆ ಹಾಕಲು ಒಬ್ಬ ಟೀಚರು ಬರುತ್ತಾಳೆ, ಕೊನೆಗೆ ಮಗು 'ಅಮ್ಮಾ' ಎಂದೊಡನೆ ಪಿಟೀಲು ಮೊಳಗಿ, ಗೋಡೆಯ ಮೇಲಿನ ಹಳೆಯ ಅಮ್ಮ ನಕ್ಕು ಕಣ್ಮರೆಯಾಗುತ್ತಾಳೆ. ಸತ್ತವರು ಅಷ್ಟು ಸಲೀಸಾಗಿ ಜಾಗ ಖಾಲಿ ಮಾಡುವುದನ್ನು ಕಂಡು ನನಗೆ ಒಳಗೊಳಗೇ ಭಯವಾಗುತ್ತಿತ್ತು.

ನನಗೆ ಜ್ವರ ಬರುವ ಮೊದಲೇ ಅಪ್ಪನ ಅಕ್ಕ, ನನ್ನ ಸೋದರತ್ತೆ, ಸಂಬಂಧ ಕುದುರಿಸಿಬಿಟ್ಟಳು. ಟಿ. ನರಸೀಪುರದಿಂದ ಬಂದ ಹೆಣ್ಣಿಗೂ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ವಾಲಗವಿಲ್ಲದೆ ಮದುವೆ ಮುಗಿಯಿತು. ನಾನು ಅವಳನ್ನು 'ಅಮ್ಮ' ಎನ್ನುವ ಗಳಿಗೆಗಾಗಿ ಯಾರೂ ಕಾಯಲಿಲ್ಲ. ನಮ್ಮ ಕಡೆ ಅದಕ್ಕೊಂದು ಮಾತು ಮೊದಲಿನಿಂದಲೂ ಇದೆ, 'ಚಿಕ್ಕವ್ವ'. ಬಂದ ದಿನವೇ ಹಾಗೆ ಕರೆದೆ, ಅವಳೂ ಓಗೊಟ್ಟಳು.

ಪಿತೃಪಕ್ಷದ ಅಮಾವಾಸ್ಯೆಯಂದು ನಮ್ಮಲ್ಲಿ ಸತ್ತವರಿಗೆ ಅವರವರ ಇಷ್ಟದ ಅಡುಗೆ ಮಾಡಿ, ಎಲೆ ಹಾಸಿ ಎಡೆ ಇಡುತ್ತೇವೆ. ಹೆಸರು ಹಿಡಿದು ಕರೆದು, ಬಾಗಿಲು ಮುಂದಕ್ಕೆಳೆದು, ಅವರು ಉಣ್ಣಲೆಂದು ಹೊರಗೆ ಕಾಯುತ್ತೇವೆ. ಆ ವರ್ಷ ಅವ್ವನ ಎಡೆಗೆ ಹೊಸ ಸೀರೆ ಆರಿಸಿದವಳು ಚಿಕ್ಕವ್ವನೇ.

"ನಿಮ್ಮವ್ವಂಗೆ ಯಾವ್ ಬಣ್ಣ ಇಷ್ಟ ಕಣವ್ವ?" ಎಂದು ನನ್ನನ್ನು ಕೇಳಿದ್ದಳು. ಅವ್ವ ಎಲ್ಲೂ ಹೋಗಬೇಕಾಗಿಲ್ಲ ಎಂದು ತಿಳಿದು ನನ್ನ ಎದೆ ಹಗುರಾಯಿತು.

ಎಡೆಯ ದಿನ ಅಡುಗೆಯೆಲ್ಲ ಆದಮೇಲೆ ಚಿಕ್ಕವ್ವ ಎಳ್ಳುಂಡೆ ಕಟ್ಟುತ್ತ ಕೂತಳು. ನಮ್ಮ ಮನೆಯಲ್ಲಿ ಅದನ್ನು ಮುಟ್ಟುವವರಿರಲಿಲ್ಲ. ಯಾರಿಗೆಂದು ಕೇಳಿದೆ.

"ನರಸೀಪುರದೋರ್ಗೆ. ಬಲು ಇಷ್ಟ ಅವರ್ಗೆ," ಎಂದಳು ಮೆಲ್ಲಗೆ.

ಅತ್ತೆಯ ಕಿವಿಗೆ ಅದು ಬಿದ್ದೇಬಿಟ್ಟಿತು. "ಆ ಮನೆ ಋಣ ತೀರೋಯ್ತು ಕಣಮ್ಮಿ. ಇಲ್ಲಿಗ್ ಬಂದ್ಮೇಲೆ ಅವರ್ಗೆ ಎಡೆ ಇಕ್ಕಂಗಿಲ್ಲ."

ಚಿಕ್ಕವ್ವ ಉಂಡೆಗಳ ಮೇಲೆ ತಟ್ಟೆ ಮುಚ್ಚಿದಳು. ಹಿಂದುಮುಂದಿಲ್ಲದ ಅವಳ ಮೊದಲ ಗಂಡನಿಗೆ ಅವಳು ಇಡದಿದ್ದರೆ ಎಡೆ ಇಡುವವರು ಬೇರೆ ಯಾರೂ ಇರಲಿಲ್ಲ. ನನಗೆ ಅಳು ಬಂತು.

ಸ್ನಾನ ಮುಗಿಸಿ ಬಂದ ಅಪ್ಪನಿಗೆ ಎಲ್ಲವೂ ಕೇಳಿಸಿತ್ತೇನೋ. ಅವ್ವನ ಎಲೆಯ ಸಾಲಿನಲ್ಲೇ ಇನ್ನೊಂದು ಎಲೆ ಹಾಸಿದ.

"ಅಸ್ಕಂಡ್ ಬಂದೋರ್ನ ವಾಪಸ್ ಕಳ್ಸಕ್ಕಾದದಾ, ಅಕ್ಕ?" ಎಂದು ಅತ್ತೆಗೆ ಹೇಳಿ ಚಿಕ್ಕವ್ವನತ್ತ ತಿರುಗಿದ. "ಏನಂತ ಕರೀಲಿ ಅವರ್ನ? ಎಸ್ರೇಳು."

ಚಿಕ್ಕವ್ವ ತಲೆ ತಗ್ಗಿಸಿದಳು. ನಮ್ಮ ಕಡೆಯ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅವಳ ಪಾಲಿಗೆ ಅವನಿನ್ನೂ ಗಂಡನೇ ಎಂಬುದು ಅಲ್ಲಿದ್ದವರಿಗೆಲ್ಲ ತಿಳಿದುಹೋಯಿತು. ಅತ್ತೆ ಮುಖ ಬಿಗಿದುಕೊಂಡಳು. ಅಪ್ಪನನ್ನು ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಟೆಲಿಚಿತ್ರವಾಗಿದ್ದರೆ ಇಲ್ಲೊಂದು ಗುಡುಗು ಕೇಳಿಸಬೇಕಿತ್ತು. ಅಪ್ಪ ತಟ್ಟೆ ಸರಿಸಿ, ಎಳ್ಳುಂಡೆ ತಂದು ಆ ಎಲೆಗೆ ಬಡಿಸಿದ. ಒಂದು ಗಳಿಗೆ ಯೋಚಿಸಿ ಕೈಮುಗಿದ.

"ಬಾರಣ್ಣ, ಊಟ ಮಾಡು," ಎಂದು ಬಾಗಿಲು ಮುಂದಕ್ಕೆಳೆದ.